ಮೋಟಾರ್‌ಸೈಕಲ್ಲಿನ ಡ್ರೈನ್ ಬೋಲ್ಟ್ ರಕ್ಷಣೆ

ಹಾಸನ ತಾಲ್ಲೂಕಿನ ಮೊಸಳೆಯ ಸುತ್ತಮುತ್ತ ಹಾಲಿನ ಕ್ಯಾನು, ಆಲೂಗೆಡ್ಡೆ ಮೂಟೆಗಳನ್ನು ಮೋಟಾರ್‌ಸೈಕಲ್ಲಿನಲ್ಲೇ ಸಾಗಿಸುವ ರೈತರಿದ್ದಾರೆ. ಹೊರೆ ಹೇರಲು ಅನುಕೂಲವೆಂದು ಕೆಲವರು ಗಾಡಿಯನ್ನು ತಗ್ಗಿಸುವುದುಂಟು. ಆಗ ಎಂಜಿನ್ನಿನ ಅಡಿಯಲ್ಲಿರುವ ಡ್ರೈನ್ ಬೋಲ್ಟ್ ಬದುವಿನ ಕಲ್ಲಿಗೆ ಬಡಿಯುತ್ತದೆ. ಬೋಲ್ಟ್ ಉಕ್ಕಿನದು, ಅದು ಕೂರುವ ಅಲ್ಯೂಮಿನಿಯಂ ಕವಚ ಮೆದು. ಕವಚ ಸೀಳಿ ಎಣ್ಣೆ ಸೋರಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ.

೧. ಗಾಡಿಯನ್ನು ಮೊದಲಿನ ಎತ್ತರಕ್ಕೆ ತರುವುದೇ ಉತ್ತಮ.

೨. ಆಗದಿದ್ದರೆ ೩ ಮಿ.ಮೀ. ದಪ್ಪದ ಉಕ್ಕಿನ ತಗಡನ್ನು ಎಂಜಿನ್ನಿಗಲ್ಲದೆ ಚಾಸಿಗೆ ಬಿಗಿಸಿರಿ. ನಡುವೆ ಬೆರಳು ತೂರುವಷ್ಟು ಅಂತರವಿರಲಿ.

೩. ಎಣ್ಣೆ ಬದಲಿಸುವಾಗ ಹೊಸ ವಾಷರ್ ಹಾಕಿರಿ. ಬೋಲ್ಟನ್ನು ಅತಿಯಾಗಿ ಬಿಗಿದರೆ ಥ್ರೆಡ್ಡು ಕೆಡುತ್ತದೆ.

೪. ಪೆಟ್ಟು ಬಿದ್ದೊಡನೆ ಎಂಜಿನ್ ನಿಲ್ಲಿಸಿ ಅಡಿಯನ್ನು ನೋಡಿರಿ. ಎಣ್ಣೆ ಸೋರುತ್ತಿದ್ದರೆ ಗಾಡಿಯನ್ನು ತಳ್ಳಿಕೊಂಡೇ ಬರತಕ್ಕದ್ದು.

ತಗಡಿನ ಖರ್ಚು ಎಂಜಿನ್ ಬಿಚ್ಚಿಸುವ ಖರ್ಚಿಗಿಂತ ಬಹಳ ಕಡಿಮೆ ಎಂಬುದನ್ನು ರೈತ ಬಾಂಧವರು ಮರೆಯಬಾರದು.