ಮಾರ್ಮನ್ ಪ್ರವಾದಿ: ಚುನಾವಣೆಯೋ, ಸರದಿಯೋ?

ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಪರೀಕ್ಷಾರ್ಥಿಗಳಿಗೆ ಕ್ರೈಸ್ತ ನಾಯಕತ್ವ ಎಂದೊಡನೆ ನೆನಪಾಗುವುದು 1949ರಲ್ಲಿ ರೂಪುಗೊಂಡ ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ್ಯ. ಅಲ್ಲಿನ ಬಿಷಪ್‌ರನ್ನು ಪೋಪ್ ನೇಮಿಸುತ್ತಾರೆ. ಅದೇ ಅಳತೆಗೋಲು ಹಿಡಿದು ಮಾರ್ಮನ್ ಪಂಥವನ್ನು ಅಳೆದರೆ ಉತ್ತರ ತಪ್ಪುತ್ತದೆ. 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ರಾಜ್ಯದಲ್ಲಿ ಈ ಚರ್ಚ್ ಕಟ್ಟಿದ ಜೋಸೆಫ್ ಸ್ಮಿತ್, 1844ರ ಜೂನ್ 27ರಂದು ಇಲಿನಾಯ್‌ನ ಕಾರ್ತೇಜ್ ಜೈಲಿನಲ್ಲಿ ಉದ್ರಿಕ್ತ ಗುಂಪಿನ ಗುಂಡಿಗೆ ಬಲಿಯಾದಾಗ ಉತ್ತರಾಧಿಕಾರಿ ಯಾರೆಂಬುದು ಇತ್ಯರ್ಥವಾಗಿರಲಿಲ್ಲ. ಚರ್ಚ್ ಒಡೆಯಿತು, ಬಹುಪಾಲು ಜನ ಅಪೊಸ್ತಲ ಬ್ರಿಗಮ್ ಯಂಗ್ ಅವರನ್ನು ನಾಯಕರಾಗಿ ಒಪ್ಪಿಕೊಂಡರು. ಇಂದಿನ ಪದ್ಧತಿ ಆ ಗಾಯದಿಂದ ಕಲಿತ ಪಾಠ ಎಂದೇ ನನ್ನ ವಾದ: ಪ್ರವಾದಿ ಎನಿಸಿಕೊಳ್ಳುವ ಚರ್ಚ್ ಅಧ್ಯಕ್ಷರು ತೀರಿಕೊಂಡರೆ, ಅಪೊಸ್ತಲರಲ್ಲಿ ಸೇವೆಯಲ್ಲಿ ಹಿರಿಯರಾದವರೇ ಮುಂದಿನ ಪ್ರವಾದಿ. ಲೆಕ್ಕಕ್ಕೆ ಬರುವುದು ಹನ್ನೆರಡು ಅಪೊಸ್ತಲರ ಮಂಡಳಿ ಸೇರಿದ ಕಾಲ. ವಯಸ್ಸೆಂದು ಗುರುತು ಹಾಕಿದವರು ಇಲ್ಲೇ ಎಡವುತ್ತಾರೆ.

ಹೊಸ ಪ್ರವಾದಿಯ ಹೆಸರಿಗೆ ಸದಸ್ಯರು ಸಭೆಯಲ್ಲಿ ಬಲಗೈ ಎತ್ತುತ್ತಾರಲ್ಲ, ಅದು ಚುನಾವಣೆಯಲ್ಲವೇ ಎಂಬ ಆಕ್ಷೇಪವಿದೆ. ಎದುರಾಳಿಯೇ ಇಲ್ಲದ ಕಡೆ ಅದು ಸಮ್ಮತಿಯ ಗುರುತಷ್ಟೇ. ಈ ಹಿರಿತನದ ನಿಯಮ ವೃದ್ಧರನ್ನೇ ಪೀಠಕ್ಕೆ ತರುತ್ತದೆ ಎಂಬ ಮಾತು ಮಾತ್ರ ನಿಜ: 2018ರ ಜನವರಿಯಲ್ಲಿ ರಸೆಲ್ ನೆಲ್ಸನ್ ಅಧ್ಯಕ್ಷರಾದಾಗ ಅವರಿಗೆ 93 ವರ್ಷ. ಆದರೂ ಪೀಠ ಖಾಲಿಯಾದಾಗ ಜಗಳ ಏಳದಿರುವುದು ಸಣ್ಣ ಲಾಭವಲ್ಲ.