ಕ್ಯಾಶ್ ಪಾರ್ಟಿ ಕೊಳ್ಳುವುದು ಏನನ್ನು?

ನಗದು ಕೊಟ್ಟು ಮನೆ ಕೊಳ್ಳುವವನು ಎಂಬ ಮಾತಿಗೆ ಎರಡು ಅರ್ಥಗಳಿವೆ. ಮನೆ ಮಾರುವವರ ನಷ್ಟ ಬಹುಮಟ್ಟಿಗೆ ಇವೆರಡನ್ನೂ ಒಂದೆಂದು ತಿಳಿಯುವುದರಿಂದ ಹುಟ್ಟುತ್ತದೆ. ಗೃಹಸಾಲಕ್ಕೆ ಕಾಯದೆ ತನ್ನಲ್ಲಿರುವ ಹಣದಿಂದಲೇ ಪೂರ್ತಿ ಬೆಲೆ ತೆರುವವನು ಒಬ್ಬ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಹೋಮ್‌ವೆಸ್ಟರ್ಸ್ ಮೊದಲಾದ ಕಂಪನಿಗಳು ಹಳೆಯ ಮನೆಗಳನ್ನು ಇದ್ದ ಸ್ಥಿತಿಯಲ್ಲೇ ಕೊಂಡು ಮಾರುವ ವ್ಯಾಪಾರವನ್ನು ಈ ಅರ್ಥದ ಮೇಲೆ ಕಟ್ಟಿವೆ. ನೋಟಿನ ಕಟ್ಟು ಹಿಡಿದು ಬರುವವನು ಇನ್ನೊಬ್ಬ. ಮೈಸೂರು ಸೀಮೆಯ ದಲ್ಲಾಳಿಗೆ ಇಬ್ಬರೂ 'ಕ್ಯಾಶ್ ಪಾರ್ಟಿ'ಯೇ.

ತಿ. ನರಸೀಪುರ ತಾಲ್ಲೂಕಿನಲ್ಲಿ, ಕಾವೇರಿ ಕಪಿಲೆಯರ ಸಂಗಮಕ್ಕೆ ಹತ್ತಿರದಲ್ಲಿ, ವ್ಯಾಸರಾಜ ಮಠದಿಂದ ಹೆಸರಾಗಿರುವ ಸೋಸಲೆಯಂಥ ಊರುಗಳಲ್ಲಿ ಮಾರಾಟಕ್ಕೆ ಬರುವ ಹೆಂಚಿನ ಮನೆಗಳ ಖಾತೆ ಎಷ್ಟೋ ಸಲ ತೀರಿಹೋದ ಅಜ್ಜನ ಹೆಸರಿನಲ್ಲೇ ಉಳಿದಿರುತ್ತದೆ, ವಾರಸುದಾರರು ಮೈಸೂರು ಬೆಂಗಳೂರುಗಳಲ್ಲಿ ಹಂಚಿಹೋಗಿರುತ್ತಾರೆ. ಇಂಥ ಕಾಗದಗಳ ಮೇಲೆ ಯಾವ ಬ್ಯಾಂಕೂ ಸಾಲ ಕೊಡದಿರುವುದರಿಂದ ಸಾಲದ ಗಿರಾಕಿ ದೂರ ಉಳಿದು, ಕ್ಯಾಶ್ ಪಾರ್ಟಿ ಒಬ್ಬನೇ ಬಾಗಿಲಿಗೆ ಬರುತ್ತಾನೆ. ಅವನು ಬೆಲೆಯಲ್ಲಿ ಮುರಿದುಕೊಳ್ಳುವ ಮೊತ್ತವನ್ನು ಅವಸರದ ಬೆಲೆಯೆಂದು ಮಾರುವವರು ಸಮಾಧಾನಪಟ್ಟುಕೊಂಡರೂ, ನಿಜದಲ್ಲಿ ಅದು ಸರಿಪಡಿಸದೆ ಬಿಟ್ಟ ಕಾಗದಗಳ ಬೆಲೆ.

ಪ್ರಸ್ತುತ ಅಂಕಣಕಾರನ ಕುಟುಂಬ ಇದನ್ನು ಕಲಿತದ್ದು ತಡವಾಗಿ. ಮುಂಗಡ ಕೊಟ್ಟ ಪಾರ್ಟಿ ಕ್ರಯದ ಕರಾರಿನ ಜೊತೆಗೆ ಜನರಲ್ ಪವರ್ ಆಫ್ ಅಟಾರ್ನಿಯನ್ನೂ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸುವ ಅಧಿಕಾರಪತ್ರವನ್ನೂ ಬರೆಸಿಕೊಂಡು, ಕೆಲವೇ ತಿಂಗಳಲ್ಲಿ ಪೌತಿ ಖಾತೆ ಮಾಡಿಸಿ, ಎಂದರೆ ಮೃತರ ಹೆಸರಿನ ಖಾತೆಯನ್ನು ವಾರಸುದಾರರಿಗೆ ವರ್ಗಾಯಿಸಿ, ಗ್ರಾಮ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದಿಂದ ನಮೂನೆ 9 ಮತ್ತು 11ಎ ಎಂಬ ಆಸ್ತಿ ದಾಖಲೆಗಳನ್ನು ಪಡೆದುಕೊಂಡ. ಕ್ರಯದ ದಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೊಳ್ಳುವವನಾಗಿ ನಿಂತಿದ್ದವನು ಬೇರೊಬ್ಬ. ಅವನಿಗೆ ಬ್ಯಾಂಕ್ ಸಾಲವೂ ಮಂಜೂರಾಗಿತ್ತು, ಕ್ರಯಪತ್ರದಲ್ಲಿ ಬರೆದಿದ್ದ ಬೆಲೆ ಕುಟುಂಬದ ಕೈಗೆ ಬಂದದ್ದಕ್ಕಿಂತ ಬಹಳ ಮೇಲಿತ್ತು. ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಳ್ಳದೆಯೇ ನಡುವಿನವನು ಮುದ್ರಾಂಕ ಶುಲ್ಕವನ್ನೂ, 2025ರ ಆಗಸ್ಟ್ 31ರಿಂದ ಶೇಕಡಾ 1ರಿಂದ 2ಕ್ಕೆ ಏರಿರುವ ನೋಂದಣಿ ಶುಲ್ಕವನ್ನೂ ಉಳಿಸಿಕೊಳ್ಳುವ ಬಗೆ ಇದು. ಇದಕ್ಕಿಂತ ಕಹಿಯಾದ ಸಂಗತಿಯೆಂದರೆ, ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆಗೆ ಲೆಕ್ಕ ಹಿಡಿಯುವುದು ಕ್ರಯಪತ್ರದ ಬೆಲೆಯನ್ನೇ ಆದ್ದರಿಂದ, ನಡುವಿನವನ ಲಾಭವೂ ಕಾಗದದಲ್ಲಿ ಮಾರಿದವರ ಗಳಿಕೆಯಾಗಿ ಕಾಣುತ್ತದೆ. ಅವನನ್ನೂ ಒಪ್ಪಿಗೆದಾರನಾಗಿ ಕ್ರಯಪತ್ರದಲ್ಲಿ ಸೇರಿಸಿ, ಯಾರಿಗೆ ಎಷ್ಟು ಸಂದಿತೆಂದು ಬರೆಸುವುದೊಂದೇ ಆಗ ಉಳಿಯುವ ರಕ್ಷಣೆ. ಬರೀ ಕರಾರು ಮತ್ತು ಅಧಿಕಾರಪತ್ರಗಳಿಂದ ಆಸ್ತಿಯ ಒಡೆತನ ಕೈ ಬದಲಾಗದು ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದ್ದರೂ ಈ ಪದ್ಧತಿ ನಿಂತಿಲ್ಲ.

ನೋಟಿನ ವಿಷಯದಲ್ಲಿ ಕಾನೂನು ಇನ್ನೂ ಕಟುವಾಗಿದೆ. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಮೊತ್ತವನ್ನು, ಮುಂಗಡವಾಗಿಯಾದರೂ ಸರಿ, ನಗದಿನಲ್ಲಿ ಸ್ವೀಕರಿಸುವುದನ್ನು 2015ರ ಜೂನ್ 1ರಿಂದ ನಿಷೇಧಿಸಲಾಗಿದ್ದು, ಅದನ್ನು ಮೀರಿದರೆ ಪಡೆದಷ್ಟೇ ಮೊತ್ತದ ದಂಡ ಬೀಳುವುದು ಕೊಟ್ಟವನ ಮೇಲಲ್ಲ, ಪಡೆದವನ ಮೇಲೆ. ಉದಾಹರಣೆಗೆ, 30 ಲಕ್ಷದ ಮನೆಗೆ ಮಾರ್ಗಸೂಚಿ ಬೆಲೆಯಾದ, ಎಂದರೆ ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಗೊತ್ತುಪಡಿಸಿದ ಕನಿಷ್ಠ ಬೆಲೆಯಾದ 18 ಲಕ್ಷವನ್ನಷ್ಟೇ ಬರೆದು ಉಳಿದ 12 ಲಕ್ಷವನ್ನು ನೋಟಿನಲ್ಲಿ ತೆಗೆದುಕೊಂಡವರು ಸಿಕ್ಕಿಬಿದ್ದರೆ 12 ಲಕ್ಷವನ್ನೇ ದಂಡವಾಗಿ ಕಟ್ಟಬೇಕಾದೀತು. ಆ ಹಣವನ್ನು ಮುಂದೆ ಮೈಸೂರಿನಲ್ಲಿ ಮನೆ ಕೊಳ್ಳುವಾಗ ತೋರಿಸುವಂತಿಲ್ಲ, ಹೊಸ ಮನೆಗೆ ಹೂಡಿದ ಲಾಭಕ್ಕೆ ದೊರೆಯುವ ತೆರಿಗೆ ವಿನಾಯಿತಿಯೂ ಅದಕ್ಕೆ ಅನ್ವಯಿಸದು.

ಕ್ಯಾಶ್ ಪಾರ್ಟಿಗೆ ಮಾರುವುದು ಯಾವಾಗಲೂ ತಪ್ಪೆಂದಲ್ಲ. ಮಳೆಗಾಲಕ್ಕೊಮ್ಮೆ ಗೋಡೆ ಕುಸಿಯುವ ಮನೆಯನ್ನೋ, ಬಡ್ಡಿ ಬೆಳೆಯುತ್ತಿರುವ ಸಾಲದ ನಡುವಿನ ಮನೆಯನ್ನೋ ಕಡಿಮೆ ಬೆಲೆಗೆ, ಆದರೆ ಪೂರ್ತಿ ಹಣವನ್ನು ಬ್ಯಾಂಕಿನ ಮೂಲಕವೇ ಪಡೆದು ಬೇಗ ಮಾರುವುದು ಜಾಣತನವಾದೀತು. ಆದರೆ ವಾರಸುದಾರರಲ್ಲಿ ಹೆಣ್ಣುಮಕ್ಕಳ ಸಹಿಯನ್ನು ಬಿಟ್ಟು ಅವಸರ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ: ಪಿತ್ರಾರ್ಜಿತದಲ್ಲಿ ಅವರಿಗೆ ಸಮಪಾಲನ್ನು ಕರ್ನಾಟಕ 1994ರಲ್ಲೂ ಕೇಂದ್ರದ ಕಾನೂನು 2005ರ ತಿದ್ದುಪಡಿಯಲ್ಲೂ ಕೊಟ್ಟಿದ್ದು, ಆ ತಿದ್ದುಪಡಿಯ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ.

ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಒಡಹುಟ್ಟಿದವರೆಲ್ಲರ ಒಪ್ಪಿಗೆ, ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪತ್ರ ಇಷ್ಟನ್ನು ಕೂಡಿಸಿಕೊಂಡು ಪಂಚಾಯಿತಿಗೆ ಅರ್ಜಿ ಹಾಕುವ ಕೆಲಸವನ್ನು ಆ ಪಾರ್ಟಿ ಮಾಡಿದಂತೆಯೇ ಮನೆಯವರೂ ಮಾಡಬಹುದು. ಸೋಸಲೆಯಲ್ಲೋ ನಂಜನಗೂಡಿನಲ್ಲೋ ಬೀಗ ಹಾಕಿದ ಮನೆ ಉಳ್ಳವರು, ಮಾರುವ ಯೋಚನೆ ಇನ್ನೂ ಇಲ್ಲದಿದ್ದರೂ, ಖಾತೆ ಯಾರ ಹೆಸರಿನಲ್ಲಿದೆಯೆಂದು ಈ ವರ್ಷವೇ ಒಮ್ಮೆ ವಿಚಾರಿಸಿಕೊಳ್ಳಲಿ.