ಒಂದು ಗಿಡ ಬೀಜಕ್ಕಿರಲಿ: ಹಿತ್ತಲಲ್ಲಿ ನಾಟಿ ಬದನೆ

ಹೈಬ್ರಿಡ್ ಬದನೆಯ ಬೀಜ ಎತ್ತಿಟ್ಟು ಬಿತ್ತಿದರೆ ಮುಂದಿನ ವರ್ಷ ಅದೇ ಕಾಯಿ ಬರುವ ಖಾತ್ರಿಯಿಲ್ಲ. ಉಡುಪಿಯ ಮಟ್ಟು ಗುಳ್ಳ, ಮೈಸೂರಿನ ಈರನಗೆರೆ ಬದನೆ, ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಉತ್ತರ ಕರ್ನಾಟಕದ ಮುಳ್ಳುಗಾಯಿ ಹಾಗಲ್ಲ. ರೈತರು ತಲೆಮಾರುಗಳಿಂದ ತಾವೇ ಬೀಜ ಆಯ್ದು ಉಳಿಸಿಕೊಂಡು ಬಂದ ತಳಿಗಳಿವು. ಮಟ್ಟು ಗುಳ್ಳಕ್ಕೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಅದರ ಬೀಜವನ್ನು ಬೆಂಗಳೂರಿನ ತಾರಸಿಯಲ್ಲೂ ಬಿತ್ತಬಹುದು, ಆದರೆ ಮಟ್ಟುವಿನ ಮಣ್ಣಿನ ರುಚಿಯನ್ನು ಅಲ್ಲಿ ನಿರೀಕ್ಷಿಸಬಾರದು. ನಿಮ್ಮ ಸೀಮೆಯ ತಳಿಯನ್ನೇ ಮೊದಲು ಹುಡುಕಿ. ದೇಸಿ ಬೀಜ ಮೇಳಗಳಲ್ಲಿ, ಊರ ಸಂತೆಯಲ್ಲಿ ಬೆಳೆಗಾರರನ್ನೇ ಕೇಳಿದರೆ ಬೀಜ ಸಿಗುತ್ತದೆ.

ಮುಂಗಾರಿನ ಬೆಳೆಗೆ ಮೇ–ಜೂನ್‌ನಲ್ಲಿ ಸಸಿ ಮಾಡಿ. ಮಳೆ ಜೋರಿರುವ ಕರಾವಳಿಯಲ್ಲಿ ಸೆಪ್ಟೆಂಬರ್‌ವರೆಗೆ ಕಾಯುವುದೇ ಮೇಲು. ಟ್ರೇಯಲ್ಲಿ ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಿದ ಬೀಜ 7ರಿಂದ 10 ದಿನಕ್ಕೆ ಮೊಳೆಯುತ್ತದೆ. ನಾಲ್ಕೈದು ವಾರದಲ್ಲಿ ಐದಾರು ಎಲೆ ಬಂದ ಸಸಿಗಳನ್ನು ಸಂಜೆ ಹೊತ್ತಿನಲ್ಲಿ ನಾಟಿ ಮಾಡಿ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಎರಡು ಅಡಿ ಅಂತರವಿರಲಿ. ಕುಂಡದಲ್ಲಾದರೆ ಕನಿಷ್ಠ 15 ಇಂಚು ಅಗಲದ್ದು ಬೇಕು, ಕುಂಡಕ್ಕೊಂದೇ ಗಿಡ. ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳದ ಜಾಗದಲ್ಲಿ ಬದನೆ ಬೇಡವೇ ಬೇಡ.

ಹೂವು ಉದುರುತ್ತಿದೆಯೆಂದು ಹಲವರು ಗಾಬರಿಯಾಗುತ್ತಾರೆ. ಬದನೆಯಲ್ಲಿ ಉದ್ದ ಶಲಾಕೆಯ (ಹೂವಿನ ನಡುವಿನ ಹೆಣ್ಣು ಭಾಗದ ಕಡ್ಡಿ) ಹೂವು ಮಾತ್ರ ಚೆನ್ನಾಗಿ ಕಾಯಿ ಕಚ್ಚುತ್ತದೆ, ಗಿಡ್ಡ ಶಲಾಕೆಯದು ಉದುರುವುದು ಸಹಜ. ಎಲ್ಲ ಹೂವೂ ಉದುರಿದರೆ ಮಾತ್ರ ನೀರು, ಗೊಬ್ಬರದ ಕಡೆ ನೋಡಿ.

ನಿಜವಾದ ಶತ್ರು ಕುಡಿ ಮತ್ತು ಕಾಯಿ ಕೊರಕ ಹುಳು. ಗಿಡವೆಲ್ಲ ಹಸಿರಾಗಿದ್ದು ಒಂದು ಕುಡಿ ಮಾತ್ರ ಜೋತುಬಿದ್ದರೆ ಒಳಗೆ ಹುಳುವಿದೆ ಎಂದೇ ಅರ್ಥ. ಒಳಹೊಕ್ಕ ಹುಳುವಿಗೆ ಸಿಂಪರಣೆ ತಲುಪುವುದಿಲ್ಲ. ಬಾಡಿದ ಭಾಗಕ್ಕಿಂತ ಎರಡು ಇಂಚು ಕೆಳಗೆ ಕತ್ತರಿಸಿ ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ತೂತಾದ ಕಾಯಿಗೂ ಇದೇ ಮದ್ದು. ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ತುಸು ಸೋಪಿನ ದ್ರಾವಣ ಬೆರೆಸಿ ವಾರಕ್ಕೊಮ್ಮೆ ಸಿಂಪಡಿಸುತ್ತಿದ್ದರೆ ಪತಂಗ ಮೊಟ್ಟೆಯಿಡುವುದು ಕಡಿಮೆಯಾಗುತ್ತದೆ.

ಇಡೀ ಗಿಡವೇ ಹಸಿರಿರುವಾಗಲೇ ಸೊರಗಿದರೆ ಕಾಂಡದ ತುಂಡೊಂದನ್ನು ನೀರಿನ ಲೋಟದಲ್ಲಿ ಇಳಿಬಿಡಿ. ಹಾಲಿನಂಥ ಎಳೆ ಇಳಿದರೆ ಅದು ದುಂಡಾಣು ಸೊರಗು ರೋಗ. ಗಿಡವನ್ನು ಬೇರುಸಹಿತ ಕಿತ್ತುಹಾಕಿ, ಎರಡು ಮೂರು ವರ್ಷ ಅಲ್ಲಿ ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ಹಾಕಬೇಡಿ.

ಸಿಪ್ಪೆ ಮಿರಮಿರ ಮಿನುಗುವಾಗಲೇ ಕಾಯಿ ಕೊಯ್ಯಿರಿ, ಹೊಳಪು ಕಳೆದದ್ದರಲ್ಲಿ ಬೀಜ ಬಲಿತು ರುಚಿ ಕೆಡುತ್ತದೆ. ಮುಳ್ಳು ತೊಟ್ಟಿನ ತಳಿಗಳಿಗೆ ಕತ್ತರಿ ಬಳಸಿ.

ಇನ್ನು ಬೀಜ. ನನ್ನ ಮಟ್ಟಿಗೆ ನಾಟಿ ಬದನೆಯ ಕೃಷಿ ಇಲ್ಲಿಗೆ ಬಂದಾಗಲೇ ಪೂರ್ತಿಯಾಗುವುದು. ಸಾಲಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ, ರೋಗವಿಲ್ಲದ ಗಿಡವನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ಬದನೆ ಬಹುಪಾಲು ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆಯಾದರೂ ದುಂಬಿಗಳು ಪಕ್ಕದ ತಳಿಯ ಪರಾಗವನ್ನೂ ತರುತ್ತವೆ. ಹಾಗಾಗಿ ಅರಳುವ ಮೊದಲೇ ಮೊಗ್ಗಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಹೂ ಅರಳಿದ ಮೇಲೆ ಬೆಳಿಗ್ಗೆ ಚೀಲದ ಹೊರಗಿನಿಂದಲೇ ಮೆಲ್ಲಗೆ ತಟ್ಟಿ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ತೊಟ್ಟಿಗೆ ಬಣ್ಣದ ದಾರ ಕಟ್ಟಿ. ಇಲ್ಲದಿದ್ದರೆ ಮನೆಯವರೇ ಅದನ್ನು ಸಾಂಬಾರಿಗೆ ಕೊಯ್ದುಬಿಡುತ್ತಾರೆ! ಕಾಯಿ ಗಿಡದಲ್ಲೇ ಹಳದಿಗೆ ತಿರುಗುವವರೆಗೆ ಬಿಟ್ಟು, ಕೊಯ್ದು ನಾಲ್ಕೈದು ದಿನ ಇಟ್ಟು, ನೀರಿನಲ್ಲಿ ಹಿಸುಕಿ. ಮುಳುಗಿದ ಬೀಜ ಗಟ್ಟಿ, ತೇಲಿದ್ದು ಜಳ್ಳು. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಬೂದಿ ಬೆರೆಸಿ, ತಳಿಯ ಹೆಸರು ಮತ್ತು ವರ್ಷ ಬರೆದ ಗಾಜಿನ ಬಾಟಲಿಯಲ್ಲಿ ತಂಪು ಜಾಗದಲ್ಲಿಡಿ. ಮೂರ್ನಾಲ್ಕು ವರ್ಷ ಮೊಳೆಯುವ ಶಕ್ತಿ ಇರುತ್ತದೆ. ಒಂದು ಹಿಡಿಯನ್ನು ನೆರೆಮನೆಗೂ ಕೊಡಿ, ನಿಮ್ಮಲ್ಲಿ ಬೆಳೆ ಕೈಕೊಟ್ಟರೆ ತಳಿ ಅಲ್ಲಿ ಉಳಿದಿರುತ್ತದೆ.

ಬೀಜ ಕೊಟ್ಟ ಗಿಡವನ್ನು ಕೀಳಬೇಡಿ. ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸಿ, ಬುಡಕ್ಕೆ ಗೊಬ್ಬರ ಕೊಟ್ಟು ನೀರುಣಿಸಿದರೆ ಮತ್ತೆ ಚಿಗುರಿ ಕೂಳೆ ಬೆಳೆ ಕೊಡುತ್ತದೆ.